ಸೊನ್ನೆ ಸವೆದ ಪಟ್ಟಿ

ನಾನು ಒಂದು ಮರದ ಮೀಟರ್ ಪಟ್ಟಿ. ಹುಬ್ಬಳ್ಳಿಯ ಒಂದು ಬಡಗಿ ಕಾರ್ಖಾನೆಯಲ್ಲಿ ನನ್ನನ್ನು ಕೊಯ್ದು, ಉಜ್ಜಿ, ಹಳದಿ ವಾರ್ನಿಷ್ ಬಳಿದು, ಮೈತುಂಬ ಕಪ್ಪು ಗೆರೆ ಒತ್ತಿದರು. ತುದಿಯಿಂದ ತುದಿಗೆ ನೂರು ಸೆಂಟಿಮೀಟರು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಇಷ್ಟು ಅಂಕಿ ಹೊತ್ತರೂ ನಾನು ಓದಿದವನಲ್ಲ. ಹೈಸ್ಕೂಲಿನ ವಿಜ್ಞಾನದ ಕೋಣೆಯಲ್ಲಿ ಗೋಡೆಗೆ ಒರಗಿ ನಿಂತು ಕೇಳಿಸಿಕೊಂಡದ್ದಷ್ಟೇ ನನ್ನ ವಿದ್ಯೆ.

ಮೊದಲಿದ್ದ ಮುದಿ ಮಾಸ್ತರರು ಕೆಲಸ ಮುಗಿದೊಡನೆ ನನ್ನನ್ನು ಒರೆಸಿ ಮೊಳೆಗೆ ತೂಗುಹಾಕುತ್ತಿದ್ದರು. ಅವರ ನಂತರ ಹಾವನೂರ ಮಾಸ್ತರರು ಬಂದರು. ಕೆಟ್ಟವರೆನ್ನಲಾರೆ, ಮಕ್ಕಳ ಮೇಲೆ ಎಂದೂ ನನ್ನನ್ನು ಎತ್ತಲಿಲ್ಲ. ಗದ್ದಲವಾದರೆ ನನ್ನ ಸೊನ್ನೆಯ ತುದಿಯಿಂದ ಮೇಜು ಬಡಿಯುತ್ತಿದ್ದರು. ಟಪ್ ಟಪ್. ಹಾಜರಿಗೂ ಟಪ್, ಪಾಠಕ್ಕೂ ಟಪ್. ವರ್ಷಗಟ್ಟಲೆ ಬಡಿಸಿಕೊಂಡು ನನ್ನ ತುದಿ ಚೂರುಚೂರಾಗಿ ಉದುರಿತು. ಅರ್ಧ ಸೆಂಟಿಮೀಟರು ಹೋಯಿತು. ಮೇಜಿನ ಅಂಚಿನಲ್ಲಿ ಕುಳಿ ಬಿದ್ದದ್ದನ್ನು ಎಲ್ಲರೂ ನೋಡಿದರು, ನನ್ನ ತುದಿಯನ್ನು ಯಾರೂ ನೋಡಲಿಲ್ಲ. ಹೇಳಲು ನನಗೆ ಬಾಯಿಲ್ಲ.

ಆ ವರ್ಷ ಜಿಲ್ಲೆಯ ವಿಜ್ಞಾನ ಸ್ಪರ್ಧೆಗೆ ಹತ್ತನೆಯ ತರಗತಿಯಿಂದ ಒಬ್ಬರು ಹೋಗಬೇಕಿತ್ತು. ಪ್ರಯೋಗದಲ್ಲಿ ಹೆಚ್ಚು ಅಂಕ ಬಂದವರೇ ಹೋಗುವುದೆಂದು ಮಾಸ್ತರರು ಸಾರಿದರು. ಕಸ್ತೂರಿ ಎಂಬ ಹುಡುಗಿಗೆ ಬಹಳ ಆಸೆಯಿತ್ತು. ಅಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಲು ಬಿಡುತ್ತಾರೆಂದು ಯಾರೋ ಹೇಳಿದ್ದರು. ನಮ್ಮ ಶಾಲೆಯದು ಬಂದಾಗಿನಿಂದ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕೂತಿತ್ತು.

ಪ್ರಯೋಗ ಪೀನ ಮಸೂರದ್ದು. ಕಿಟಕಿಯಾಚೆಯ ಬೇವಿನ ಮರ ಬಿಳಿ ರಟ್ಟಿನ ಮೇಲೆ ತಲೆಕೆಳಗಾಗಿ, ಚೊಕ್ಕವಾಗಿ ಮೂಡುವಂತೆ ಮಸೂರವನ್ನು ಸರಿಸಿ, ರಟ್ಟಿನಿಂದ ಮಸೂರಕ್ಕೆ ಎಷ್ಟು ದೂರವೆಂದು ಅಳೆಯಬೇಕು. ಮಸೂರದ ಪೊಟ್ಟಣದ ಮೇಲೆ ಇಪ್ಪತ್ತು ಎಂದು ಮೊದಲೇ ಅಚ್ಚಾಗಿತ್ತು. ಉಳಿದವರೆಲ್ಲ ಅದನ್ನೇ ನೋಡಿ ಇಪ್ಪತ್ತು ಬರೆದರು. ಅದೇ ತರಗತಿಯ ಬಸಲಿಂಗನಂತೂ ನನ್ನನ್ನು ಮುಟ್ಟಲೂ ಇಲ್ಲ. ಕಸ್ತೂರಿ ಮಾತ್ರ ನನ್ನ ಸವೆದ ತುದಿಯನ್ನು ರಟ್ಟಿಗೆ ತಾಗಿಸಿ, ಉಸಿರು ಬಿಗಿಹಿಡಿದು ಅಳೆದಳು.

"ಎಷ್ಟ್ ಬಂತವಾ?" ಎಂದರು ಮಾಸ್ತರರು.

"ಇಪ್ಪತ್ತೂವರಿ ಬಂತ್ರಿ ಸರ್."

"ಎಲ್ಲಾರಿಗೂ ಇಪ್ಪತ್ತು ಬಂದೈತಿ. ನಿನಗೊಬ್ಬಾಕಿಗೆ ಮಸೂರ ದೂರ ಹೋತೇನು?"

"ಮೂರ್ ಸಲ ಅಳದೀನ್ರಿ. ಮೂರೂ ಸಲ ಅಷ್ಟ ಬಂತ್ರಿ."

"ಮೂರೂ ಸಲ ತಪ್ಪ್ ಮಾಡಿದಿ ಅಂದಂಗಾತು."

"ಏ ಕಸ್ತೂರಿ, ಪೊಟ್ಟಣಾ ಓದಾಕ ಬರಂಗಿಲ್ಲೇನ ನಿನಗ?" ಎಂದ ಬಸಲಿಂಗ. ಕೋಣೆಯೆಲ್ಲ ನಕ್ಕಿತು. ಮುಟ್ಟದವನಿಗೆ ಪೂರ್ತಿ ಅಂಕ ಬಂತು, ಎಲ್ಲರಿಗಿಂತ ಮೊದಲು ಬರೆದುಕೊಟ್ಟವನೆಂದು ಸ್ಪರ್ಧೆಗೆ ಅವನ ಹೆಸರೇ ಹೋಯಿತು. ನನ್ನನ್ನು ನಂಬಿದವಳಿಗೆ ನನ್ನಿಂದಲೇ ಕುತ್ತು. ಆ ಸಂಕಟವನ್ನು ಯಾರ ಮುಂದೆ ತೋಡಿಕೊಳ್ಳಲಿ?

ಮರುದಿನ ಎಲ್ಲರೂ ಹೊರಗೆ ಆಡುವಾಗ ಕಸ್ತೂರಿ ನನ್ನನ್ನು ಎತ್ತಿ, ತುದಿಯನ್ನು ಬೆರಳಿನಿಂದ ಸವರಿದಳು. ಮೊದಲ ಅರ್ಧ ಸೆಂಟಿಮೀಟರು ಅಲ್ಲಿರಲಿಲ್ಲ. ಆಮೇಲೆ ಹತ್ತರ ಗೆರೆಯನ್ನು ರಟ್ಟಿಗೆ ಹೊಂದಿಸಿ ಅಳೆದಳು. ಮಸೂರ ಸರಿಯಾಗಿ ಮೂವತ್ತರ ಗೆರೆಗೆ ಬಂತು, ನಡುವೆ ಇಪ್ಪತ್ತೇ. ಓಡಿಹೋಗಿ ಮಾಸ್ತರರನ್ನು ಕರೆತಂದಳು.

ಅವರು ನನ್ನ ತುದಿ ನೋಡಿದರು, ಮೇಜಿನ ಕುಳಿ ನೋಡಿದರು. "ಹೆಸರು ಕಳಿಸಿ ಆತವಾ," ಎಂದರು.

"ಹೆಸರಿಂದು ಕೇಳಾಕ ಬಂದಿಲ್ರಿ ಸರ್. ನಾ ಅಳದದ್ದು ತಪ್ಪಿದ್ದಿಲ್ಲಲ್ರಿ?"

"ಉತ್ತರ ತಪ್ಪಿತ್ತಲ್ಲ," ಎಂದು ಅವರು ಹೊರಟೇಹೋದರು.

ಕಸ್ತೂರಿ ಪೆನ್ನು ತೆಗೆದು ನನ್ನ ಹತ್ತರ ಗೆರೆಗೆ ಬಾಣ ಹಾಕಿ, 'ಇಲ್ಲಿಂದ ಅಳೀರಿ' ಎಂದು ಬರೆದಳು.

ಸ್ಪರ್ಧೆಯಿಂದ ಬಸಲಿಂಗ ಬರಿಗೈಲಿ ಬಂದ. "ಅಲ್ಲಿ ಮಸೂರ ಕೊಟ್ರಲೇ, ಪೊಟ್ಟಣಾನ ಕೊಡ್ಲಿಲ್ಲ," ಎಂದು ಗೆಳೆಯರ ಮುಂದೆ ಗೊಣಗುತ್ತಿದ್ದ. ಕಸ್ತೂರಿ ಅಲ್ಲೇ ಇದ್ದಳು, ನಗಲಿಲ್ಲ. ಆ ಬೇಸಿಗೆಗೆ ಹತ್ತನೆಯದು ಮುಗಿಸಿ ಶಾಲೆ ಬಿಟ್ಟಳು.

ಈಗ ನಾನು ಮುದುಕ. ಗಾಳಿಗೆ ಬಡಿದುಕೊಳ್ಳುವ ಕಿಟಕಿಗೆ ನನ್ನನ್ನು ಆನಿಕೆ ಕೊಟ್ಟಿದ್ದಾರೆ. ಕಸ್ತೂರಿ ಹಾಕಿದ ಬಾಣ ಹೊರಗೆ, ಬೇವಿನ ಮರದ ಕಡೆ ಮುಖ ಮಾಡಿದೆ. ಒಳಗಿನ ಮಕ್ಕಳಿಗೆ ಕಾಣುವುದಿಲ್ಲ. ನನ್ನ ಜಾಗಕ್ಕೆ ಹೊಸ ಪಟ್ಟಿ ಬಂದಿದೆ. ಮೈತುಂಬ ಹಳದಿ ಹೊಳಪು, ಸೊನ್ನೆ ಚೂಪಾಗಿತ್ತು. ಬಂದ ದಿನವೇ ಮಾಸ್ತರರು ಅವನನ್ನು ಎತ್ತಿಕೊಂಡು ಮೇಜಿನ ಅದೇ ಕುಳಿಯ ಮೇಲೆ ಟಪ್ ಟಪ್ ಬಡಿದರು.

ಮೊನ್ನೆ ಮೇಜಿನ ಕಡೆಯಿಂದ ಒಂದು ಹಳದಿ ಚೂರು ಹಾರಿಬಂದು ನನ್ನ ಬುಡದಲ್ಲಿ ಬಿತ್ತು.