ಭಾವನ ದೊಡ್ಡ ಹಾಯಿ

ಮೂವತ್ತು ವರ್ಷ ಊರಿನವರ ಹಲ್ಲು ಕಿತ್ತ ಭಾವ, ಕ್ಲಿನಿಕ್ ಮುಚ್ಚಿದ ಮರುವಾರವೇ ಒಂದು ಹಾಯಿದೋಣಿ ಕೊಂಡರು. ಒಳಗೆ ಇಬ್ಬರು ಮಲಗುವಷ್ಟು ಜಾಗ, ಒಂದು ಸ್ಟೋವು, ಒಂದು ಎಂಜಿನ್. ಕ್ಯಾಪ್ಟನ್ ಟೋಪಿಯನ್ನು ಅದಕ್ಕೂ ಮೊದಲೇ ಕೊಂಡಾಗಿತ್ತು.

ಅವರ ನಾದಿನಿ, ಹೆಂಡತಿಯ ತಂಗಿ, ಬಂದರಿನ ಹಿಂದಿನ ಶೆಡ್ಡಿನಲ್ಲಿ ಹಾಯಿ ಹೊಲಿಯುವವಳು. ಬಿಸಿಲು ಬಟ್ಟೆಗಿಂತ ಮೊದಲು ದಾರವನ್ನು ತಿನ್ನುತ್ತದೆ, ಹಾಯಿ ಇಳಿಸಿದ ಮೇಲೆ ಹೊದಿಕೆ ಹಾಕಿ ಎಂದು ಅವಳು ಎರಡು ವರ್ಷದಿಂದ ಹೇಳಿದ್ದು ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗಿತ್ತು.

"ಹೊದಿಸೋಕೆ ಅದೇನು ಬಾಣಂತಿನಾ?" ಎನ್ನುತ್ತಿದ್ದರು ಭಾವ. ನಿಜವಾದ ಕಾರಣ ಬೇರೆ. ಹೊದಿಸಿದರೆ ಬಂದರಿನ ಹಾಯಿದೋಣಿ ಕ್ಲಬ್ಬಿನ ಮಹಡಿಯಲ್ಲಿ ಕುಳಿತವರಿಗೆ ಬಿಳಿ ಹಾಯಿ ಕಾಣುತ್ತಿರಲಿಲ್ಲ.

ಈ ವರ್ಷ ಅಕ್ಕನ ಕಾಟ ತಾಳಲಾರದೆ ಹಾಯಿಯನ್ನು ಶೆಡ್ಡಿಗೆ ತಂದರು. ನಾದಿನಿ ಅದನ್ನು ನೆಲಕ್ಕೆ ಹಾಸಿ, ಮೊಣಕಾಲೂರಿ, ಹೊಲಿಗೆಯ ಮೇಲೆ ಹೆಬ್ಬೆರಳ ಉಗುರು ಎಳೆದಳು. ದಾರ ಪುಡಿಪುಡಿಯಾಗಿ ಉದುರಿತು.

"ಭಾವ, ಬಟ್ಟೆ ಗಟ್ಟಿ ಇದೆ, ದಾರ ಸತ್ತಿದೆ. ಉದ್ದಕ್ಕೂ ಹೊಸ ಹೊಲಿಗೆ ಹಾಕ್ಬೇಕು. ಎರಡು ವಾರ ಕೊಡಿ."

"ಭಾನುವಾರ ಕ್ಲಬ್ಬಿನ ಪಂದ್ಯ ಇದೆಯಲ್ಲಮ್ಮ. ಕಣ್ಣಿಗೆ ಬೀಳೋ ಕಡೆ ಎರಡು ತೇಪೆ ಹಾಕು, ಸಾಕು. ನಾನು ಎಷ್ಟು ಹಲ್ಲಿಗೆ ಹಾಗೇ ಮಾಡಿಲ್ಲ?"

ಅವಳ ನಾಲಿಗೆ ತಾನಾಗಿಯೇ ಎಡದವಡೆಯ ಕಡೆ ಸರಿಯಿತು. ಅಲ್ಲಿಯ ಹಲ್ಲು ತುಂಬಿದವರು ಭಾವನೇ. ಆದರೂ ಅಕ್ಕನ ಮುಖ ನೋಡಿ ತೇಪೆ ಹಾಕಿಕೊಟ್ಟಳು.

ಭಾನುವಾರ ಮೂವರೂ ಹೊರಟರು. ಬಂದರಿನ ಬಾಯಿ ದಾಟುವಷ್ಟರಲ್ಲಿ ಗಾಳಿ ಬಲಿತು, ದೋಣಿ ಒಂದು ಮಗ್ಗುಲಿಗೆ ವಾಲಿತು.

"ಭಾವ, ಹಾಯಿ ಸ್ವಲ್ಪ ಇಳಿಸಿ, ಕೆಳಗಿನ ಭಾಗ ಮಡಿಸಿ ಕಟ್ಟೋಣ. ಉಳಿದವರೆಲ್ಲ ಕಟ್ಟಿಕೊಂಡಾಯ್ತು."

"ಅವರೆಲ್ಲ ಪುಕ್ಕಲರು. ಮಹಡಿಯಿಂದ ಜನ ನೋಡ್ತಿದಾರೆ."

ನೋಡಿದ್ದೇನೋ ನಿಜ. ಹಳೇ ಬೆಡ್‌ಶೀಟು ಪರ್ರನೆ ಹರಿದ ಹಾಗೆ ಹಾಯಿ ಅಂಚಿನಿಂದ ಅಂಚಿಗೆ ಸೀಳಿಹೋದದ್ದನ್ನು ಮಹಡಿಗೆ ಮಹಡಿಯೇ ನೋಡಿತು. ತೇಪೆಗಳೆರಡು ಮಾತ್ರ ಗಟ್ಟಿಯಾಗಿ ಉಳಿದವು.

ಇಳಿಸೋಣವೆಂದರೆ, ಹಾಯಿ ಎತ್ತುವ ಹಗ್ಗಕ್ಕೆ ಭಾವ ಪುಸ್ತಕ ನೋಡಿ ಹಾಕಿದ್ದ ಗಂಟು ಬಿಚ್ಚಲೊಲ್ಲದು. ಅವರು ಕಂಬದ ಬುಡದಲ್ಲಿ ಕುಳಿತು ಮೊದಲು ಉಗುರಿನಿಂದ, ಆಮೇಲೆ ಹಲ್ಲಿನಿಂದ ಎಳೆದರು. ನಾದಿನಿ ಚುಕ್ಕಾಣಿ ಹಿಡಿದು ದೋಣಿಯ ಮೂತಿಯನ್ನು ಗಾಳಿಗೆದುರು ತಿರುಗಿಸಿದಳು. ಅಕ್ಕ ಒಳಗಿನಿಂದ ಬ್ರೆಡ್ಡು ಕೊಯ್ಯುವ ಚಾಕು ತಂದು, "ರೀ, ಸ್ವಲ್ಪ ಸರೀರಿ" ಎಂದು ಹಗ್ಗವನ್ನೇ ಕೊಯ್ದಳು. ಅವರು ಸರಿಯಲಿಲ್ಲ. ಹಾಯಿ ಪೂರಾ ಅವರ ಮೇಲೆ ಬಿತ್ತು.

ಬಟ್ಟೆಯ ಅಡಿಯಿಂದ ಅಪ್ಪಣೆಗಳು ಬರುತ್ತಲೇ ಇದ್ದವು. "ಎಡಕ್ಕೆ ತಿರುಗಿಸು, ಎಡಕ್ಕೆ." ಅಕ್ಕ ಎಂಜಿನ್ ಚಾಲೂ ಮಾಡಿದಳು. ನಾದಿನಿ ಬಲಕ್ಕೆ ತಿರುಗಿಸಿದಳು. ಬಂದರು ಇದ್ದದ್ದು ಆ ಕಡೆ.

ಸಂಜೆ ಕ್ಲಬ್ಬಿನಲ್ಲಿ ಭಾವ ಗೆಳೆಯರಿಗೆ ವಿವರಿಸುತ್ತಿದ್ದರು. "ಹೊಲಿಗೆ ಸರಿ ಇರ್ಲಿಲ್ಲ. ಮನೆಯವರ ಕೈಲಿ ಕೆಲಸ ಮಾಡಿಸಿದ್ರೆ ಇದೇ ಹಣೆಬರಹ."

ಎರಡು ಮೇಜಿನಾಚೆ ಕುಳಿತಿದ್ದ ನಾದಿನಿಗೆ ಮೈ ಉರಿಯಿತು. ಅದಕ್ಕಿಂತ ಹೆಚ್ಚು ಉರಿದದ್ದು ತನ್ನ ಮೇಲೆಯೇ. ದಾರ ಸತ್ತಿದೆಯೆಂದು ಗೊತ್ತಿದ್ದೂ ತೇಪೆ ಹಾಕಿದ ಕೈ ತನ್ನದೇ ತಾನೆ.

ಮರುದಿನ ಭಾವ ಹಾಯಿ ಹೊತ್ತು ಶೆಡ್ಡಿಗೆ ಬಂದರು. ಅವಳು ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಪಕ್ಕದ ಬಂದರಿನಲ್ಲಿ ಹಾಯಿ ಹೊಲಿಯುವವನ ವಿಳಾಸ ಬರೆದುಕೊಟ್ಟಳು.

"ಇವರು ಹೊರಗಿನವರು ಭಾವ, ನಿಮಗೆ ಸರಿಹೋಗ್ತಾರೆ. ನಾಲ್ಕು ತಿಂಗಳು ಕಾಯ್ಬೇಕಂತೆ, ಅಷ್ಟೇ."

ಭಾವನ ದೋಣಿ ಬೋಳು ಕಂಬ ಹೊತ್ತು ಬೇಸಿಗೆಯಿಡೀ ಕಟ್ಟಿದಲ್ಲೇ ಇತ್ತು. ಅಕ್ಕ ಕೈಕಟ್ಟಿ ಕೂರಲಿಲ್ಲ. ಶೆಡ್ಡಿನ ಹಿಂದೆ ಬಿದ್ದಿದ್ದ ತಂಗಿಯ ಪುಟ್ಟ ದೋಣಿಯನ್ನು ನೀರಿಗಿಳಿಸಿ, ಗಾಳಿ ಬಲಿಯುವ ಮೊದಲೇ ಹಾಯಿ ಮಡಿಸಿ ಕಟ್ಟುವುದನ್ನು ಕಲಿತಳು. ಒಂದು ಮಧ್ಯಾಹ್ನ ಅಕ್ಕತಂಗಿಯರು ಕ್ಲಬ್ಬಿನ ಎದುರೇ ಹಾದುಹೋದಾಗ, ಮಹಡಿಯಿಂದ ಭಾವನ ದನಿ ನೀರಿನ ಮೇಲೆ ಸ್ಪಷ್ಟವಾಗಿ ತೇಲಿಬಂತು.

"ಅವಳಿಗೆ ಕಲಿಸಿದ್ದೇ ನಾನು. ತುಂಬಾ ತಾಳ್ಮೆ ಬೇಕಾಯ್ತು."

"ಅಕ್ಕ, ಕೇಳಿಸ್ತಾ?"

"ಇಷ್ಟು ಹತ್ರ ಬಂದ್ರೆ ಕೇಳಿಸ್ದೇ ಇರುತ್ತಾ?" ಎಂದ ಅಕ್ಕ ಚುಕ್ಕಾಣಿ ತಿರುಗಿಸಿದಳು. "ಇನ್ನೂ ಸ್ವಲ್ಪ ಆಚೆ ಹೋಗೋಣ."