ಒರಗಿಸದ ಕುರ್ಚಿ

ಯೋರಿಡ್ ಬರುವ ದಿನ ನಾನು ಬೇಗನೆ ಬಂದು ಕಿಟಕಿಯ ಪರದೆಗಳನ್ನು ಇಳಿಸುತ್ತೇನೆ. ಕಾಯುವ ಕೋಣೆಯಲ್ಲಿ ಅವಳ ಹೆಸರನ್ನು ಕೂಗುವುದಿಲ್ಲ, ಹತ್ತಿರ ಹೋಗಿ ಕಣ್ಣಿನಲ್ಲೇ ಕರೆಯುತ್ತೇನೆ. ಅವಳಿರುವಷ್ಟು ಹೊತ್ತು ಬೇರೆ ಯಾರಿಗೂ ಸಮಯ ಕೊಡುವುದಿಲ್ಲ. ಒಳಕೋಣೆಯ ಬಾಗಿಲು ಅರ್ಧ ತೆರೆದಿರಬೇಕು. ಕುರ್ಚಿಯನ್ನು ಒರಗಿಸಬಾರದು. ಬಾಯಿಗೆ ಹೋಗುವ ಪ್ರತಿಯೊಂದು ಉಪಕರಣವನ್ನೂ ಮೊದಲು ಅವಳ ಅಂಗೈಗೆ ಕೊಡಬೇಕು.

ನಾರ್ವೆಯ ಉತ್ತರದ ಒಂದು ಸಣ್ಣ ಬಂದರು ನಮ್ಮ ಊರು. ಮನೆಯೊಳಗೆ ಏಟು ತಿಂದವರ ಹಲ್ಲು ನೋಡಲೆಂದೇ ನಮ್ಮ ಚಿಕಿತ್ಸಾಲಯದಲ್ಲಿ ವಾರಕ್ಕೊಂದು ದಿನ ಮೀಸಲು. ದಂತವೈದ್ಯೆ ಗುನ್ವೋರ್, ಸಹಾಯಕಿಯಾಗಿ ನಾನು, ಸೋಲ್‌ಫ್ರಿಡ್. ಇಬ್ಬರೇ.

ಯೋರಿಡ್ ಮೀನಿನ ಕಾರ್ಖಾನೆಯಲ್ಲಿ ದುಡಿಯುತ್ತಾಳೆ. ಮೇಲಿನ ಸಾಲಿನ ಮುಂದಿನ ಹಲ್ಲುಗಳನ್ನು ಗಂಡ ಓಸ್ಮುಂಡ್ ಕೆಲವು ವರ್ಷಗಳಲ್ಲಿ ಒಂದೊಂದಾಗಿ ಮುರಿದಿದ್ದ. ಗವುಸು ಹಾಕಿದ ಕೈಯಿಂದ ಅವಳ ದವಡೆ ಹಿಡಿದು, ತಲೆಯನ್ನು ಹಿಂದಕ್ಕೆ ಒತ್ತುತ್ತಿದ್ದನಂತೆ. ಹೋದ ಶರತ್ಕಾಲದಲ್ಲಿ ಅವಳು ಮನೆ ಬಿಟ್ಟಳು. ಆಮೇಲೆ ಬೆದರಿಸಿದ್ದಕ್ಕೆ, ಅವನು ಅವಳ ಹತ್ತಿರ ಸುಳಿಯಬಾರದೆಂದು ಪೊಲೀಸರ ಆದೇಶವಿದೆ. ಊರಿನಲ್ಲಿ ಓಸ್ಮುಂಡ್ ಎಂದರೆ ಎಲ್ಲರಿಗೂ ಇಷ್ಟ. ಹಿಮದಲ್ಲಿ ಹೂತ ಕಾರನ್ನು ಎಳೆದುಕೊಡುವವನು, ಮುದುಕಿಯರ ಅಂಗಳದ ಹಿಮ ಬಳಿದುಕೊಡುವವನು ಅವನೇ.

ಮೊದಲ ಸಲ ಯೋರಿಡ್ ಬಾಗಿಲಿನವರೆಗೆ ಬಂದು ತಿರುಗಿ ಹೋಗಿದ್ದಳು. ಆಮೇಲೊಮ್ಮೆ ಕುರ್ಚಿಯ ಅಂಚಿನಲ್ಲಿ ಕೂತು, ಬಾಯಿ ತೆರೆಯದೆ ಎದ್ದಳು. ಆಗ ಗುನ್ವೋರ್ ಒಂದೇ ಮಾತು ಕೊಟ್ಟಿದ್ದಳು: "ನಿಂಗೆ ಗೊತ್ತಿಲ್ದೆ ಇಲ್ಲಿ ಏನೂ ನಡೆಯಲ್ಲ. ಕೈ ಎತ್ತಿದ್ರೆ ನಿಲ್ಲಿಸ್ತೀನಿ. ಯಾಕೆ ಅಂತ ಕೇಳಲ್ಲ."

ಇವತ್ತು ಹೊಸ ಹಲ್ಲುಗಳನ್ನು ಕೂರಿಸುವ ದಿನ. ತಾತ್ಕಾಲಿಕ ಹಲ್ಲುಗಳನ್ನು ಗುನ್ವೋರ್ ಆಗಲೇ ತೆಗೆದಿದ್ದಳು. ಹೊಸ ಹಲ್ಲಿಗೆಂದು ತೇಯ್ದ ಮೊಂಡು ಹಲ್ಲುಗಳು ಬೆತ್ತಲೆಯಾಗಿದ್ದವು, ಗಾಳಿ ತಾಗಿದರೂ ಜುಮ್ಮೆನ್ನುವಂತಿದ್ದವು. ಈಗ ಎದ್ದುಹೋದರೆ ಯೋರಿಡ್ ಮತ್ತೆ ಬರುತ್ತಾಳೆ ಎಂಬ ನಂಬಿಕೆ ನನಗಿರಲಿಲ್ಲ.

"ನೋಡು, ಎಷ್ಟು ಚೆನ್ನಾಗಿದೆ," ಗುನ್ವೋರ್ ಹೊಸ ಹಲ್ಲುಗಳನ್ನು ಅವಳ ಅಂಗೈಯಲ್ಲಿಟ್ಟಳು. "ನಂಗೇ ಆಸೆ ಆಗ್ತಿದೆ ಮಾರಾಯ್ತಿ."

"ಹಾಕ್ಕೋ ಬೇಕಾದ್ರೆ," ಯೋರಿಡ್ ಇನ್ನೊಂದು ಅಂಗೈಯಿಂದ ಬಾಯಿ ಮುಚ್ಚಿಕೊಂಡೇ ಅಂದಳು. "ಆದ್ರೆ ನಿನ್ನ ಮೂತಿಗೆ ಹೊಂದಲ್ಲ."

ಗುನ್ವೋರ್ ಗಟ್ಟಿಯಾಗಿ ನಕ್ಕಳು. ಅಷ್ಟರಲ್ಲಿ ಹೊರಬಾಗಿಲು ತೆರೆದ ಸದ್ದಾಯಿತು. ಯಾರೆಂದು ನೋಡಲು ನಾನು ಹೊರಗೆ ಹೋದೆ.

ಓಸ್ಮುಂಡ್ ಬೆಂಚಿನ ಮೇಲೆ ಕೂತು ಬೂಟು ಬಿಚ್ಚುತ್ತಿದ್ದ. ಅವನ ಪಕ್ಕದಲ್ಲಿ ಯೋರಿಡ್‌ಳ ಹಸಿರು ರಬ್ಬರ್ ಬೂಟುಗಳಿದ್ದವು. ಒಂದರ ಹಿಮ್ಮಡಿಗೆ ಹಳದಿ ತೇಪೆ.

"ಆ ತೇಪೆ ನಾನೇ ಹಚ್ಚಿದ್ದು," ಅಂದ, ನಾನು ಕೇಳಿದೆನೇನೋ ಎಂಬಂತೆ. "ರಸ್ತೆಯಿಂದ್ಲೇ ಕಾಣ್ತು."

ನಮ್ಮ ಹೊರಬಾಗಿಲು ಗಾಜಿನದು. ಬೂಟಿನ ಗೂಡು ರಸ್ತೆಗೆ ಎದುರಾಗಿದೆ. ಹೆಸರನ್ನು ಮುಚ್ಚಿಟ್ಟಿದ್ದೆ, ಮುಖವನ್ನು ಮುಚ್ಚಿಟ್ಟಿದ್ದೆ, ಬೂಟು ಮಾತ್ರ ತಲೆಗೇ ಬಂದಿರಲಿಲ್ಲ. ನಡೆಯಲು ಕಲಿತಾಗಿನಿಂದ ಪ್ರತಿ ಹೊಸ್ತಿಲಿನಲ್ಲೂ ಬಿಚ್ಚಿಡುವ ವಸ್ತು, ಬಿಚ್ಚಿದ ಮೇಲೆ ನಾವು ಅದನ್ನು ನೋಡುವುದೇ ಇಲ್ಲ.

"ಇವತ್ತು ಬೇರೆ ಯಾರನ್ನೂ ನೋಡಲ್ಲ," ಎಂದೆ.

"ಪರವಾಗಿಲ್ಲ. ಹಲ್ಲು ನೋವು, ಕಾಯ್ತೀನಿ. ನೀನು ಹೋಗಮ್ಮ, ಕೆಲಸ ನೋಡ್ಕೋ."

ಒಳಗೆ ಬರುವಷ್ಟರಲ್ಲಿ ನಾನು ಸುಳ್ಳೊಂದನ್ನು ಸಿದ್ಧಮಾಡಿಕೊಂಡಿದ್ದೆ. ಹಲ್ಲು ಅಂಟಿಸುವ ಸಿಮೆಂಟ್ ಗಟ್ಟಿಯಾಗುವವರೆಗೆ ಸುಮ್ಮನಿದ್ದರೆ ಸಾಕು, ಆಮೇಲೆ ಹೇಳಿದರಾಯಿತು. ಅವಳ ಒಳ್ಳೆಯದಕ್ಕೇ ಅಲ್ಲವೇ? ಉಪಕರಣಗಳ ತಟ್ಟೆ ಎತ್ತಿಕೊಂಡೆ. ಯೋರಿಡ್ ನನ್ನ ಕೈಬೆರಳುಗಳನ್ನು ನೋಡಿದಳು, ಆಮೇಲೆ ಮುಖವನ್ನು. ಕೈ ಎತ್ತಿದಳು.

ಗುನ್ವೋರ್ ಕೆಲಸ ನಿಲ್ಲಿಸಿದಳು.

"ಯಾರು?" ಯೋರಿಡ್ ಕೇಳಿದಳು.

ಅಂಚೆಯವನು ಎಂಬ ಮಾತು ನಾಲಗೆಯ ತುದಿಯಲ್ಲಿತ್ತು. ಗುನ್ವೋರ್ ನನ್ನನ್ನೇ ನೋಡುತ್ತಿದ್ದಳು.

"ಓಸ್ಮುಂಡ್," ಎಂದೆ. "ಹೊರಗೆ ಬೆಂಚಿನ ಮೇಲೆ ಕೂತಿದ್ದಾನೆ. ನಿನ್ನ ಬೂಟು ನೋಡಿ ಬಂದಿದ್ದಾನೆ."

ಅವಳು ಎದ್ದೇಬಿಟ್ಟಳು. ಕೊರಳಿನ ಬಿಳಿ ಬಟ್ಟೆ ನೆಲಕ್ಕೆ ಬಿತ್ತು. ಗುನ್ವೋರ್ ಅವಳನ್ನು ತಡೆಯಲಿಲ್ಲ, ದೀಪವನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟಳು. "ಹಿಂದಿನ ಬಾಗಿಲು ತೆರೆದಿದೆ. ಸೋಲ್‌ಫ್ರಿಡ್ ಜೊತೆಗೆ ಬರ್ತಾಳೆ. ಇಲ್ಲೇ ಇರ್ತೀನಿ ಅಂದ್ರೆ ಅದೂ ಸರಿ."

"ಪೊಲೀಸ್?"

"ನೀನು ಹೂಂ ಅಂದ್ರೆ ಈಗ್ಲೇ."

"ಕರಿ." ಅವಳು ಇನ್ನೂ ನಿಂತೇ ಇದ್ದಳು. ನಾನು ಫೋನಿನಲ್ಲಿ ಪಿಸುಗುಟ್ಟಿ ಮುಗಿಸುವಷ್ಟರಲ್ಲಿ ಹೊರಗಿನಿಂದ ಅವನ ದನಿ ಬಂತು. ಮೃದುವಾದ ದನಿ, ಹಿಮ ಬಳಿಯುವಾಗ ಮುದುಕಿಯರೊಡನೆ ಹರಟುವಂಥದ್ದು.

"ಯೋರಿಡ್, ನಿನ್ನ ಬೂಟು ಒಳಗೆಲ್ಲ ಒದ್ದೆ ಕಣೆ. ಹೀಟರ್ ಹತ್ರ ಇಟ್ಟಿದ್ದೀನಿ. ನಿಧಾನಕ್ಕೆ ಬಾ."

ಯೋರಿಡ್ ಹಿಂದಿನ ಬಾಗಿಲಿನತ್ತ ಎರಡು ಹೆಜ್ಜೆ ಇಟ್ಟಳು. ನಾನು ನನ್ನ ಕೋಟು ಎತ್ತಿಕೊಂಡೆ. ಅವಳು ಅಲ್ಲೇ ನಿಂತಳು.

"ಅವನು ಹೀಗೆ ಬಂದಾಗೆಲ್ಲ ನಾನು ಇದ್ದ ಕೆಲಸ ಅರ್ಧಕ್ಕೇ ಬಿಟ್ಟು ಎದ್ದು ಹೋಗ್ತಿದ್ದೆ," ಅಂದಳು, ನಮಗಲ್ಲ. ಆಮೇಲೆ ನನ್ನತ್ತ ತಿರುಗಿ, ಕಾಯುವ ಕೋಣೆಯ ಕಡೆ ಬೆರಳು ತೋರಿಸಿ, "ಆ ಬಾಗಿಲು ಹಾಕು. ಚಿಲಕಾನೂ."

ಮುಚ್ಚಿದ ಕೋಣೆಯಲ್ಲಿ ಅವಳು ಯಾವತ್ತೂ ಕೂತವಳಲ್ಲ. ನಾನು ಚಿಲಕ ಹಾಕಿದೆ. ಅವಳು ಕುರ್ಚಿಗೆ ಮರಳಿ, ನೆಟ್ಟಗೆ ಕೂತು, ನನ್ನ ಮಣಿಕಟ್ಟು ಹಿಡಿದು ಬಾಯಿ ತೆರೆದಳು.

ಗುನ್ವೋರ್ ಸೊಂಟ ಬಗ್ಗಿಸಿ, ಕತ್ತು ತಿರುಚಿ ಕೆಲಸ ಮಾಡಿದಳು. ಒಣಗಿಸಿದಳು, ಸಿಮೆಂಟ್ ಹಚ್ಚಿದಳು, ಕೂರಿಸಿದಳು. "ಕಚ್ಚು. ಗಟ್ಟಿಯಾಗಿ. ಬಿಡಬೇಡ." ಯೋರಿಡ್ ಹತ್ತಿಯ ಸುರುಳಿಯನ್ನು ಕಚ್ಚಿ ಹಿಡಿದಳು. ಗೋಡೆಯಾಚೆ ಅವನು ಏನೋ ಗುನುಗುತ್ತಿದ್ದ. ಅವಳ ಕಣ್ಣಿನಿಂದ ನೀರು ಕೆನ್ನೆಯ ಮೇಲೆ ಇಳಿದು ಗದ್ದಕ್ಕೆ ಹೋಗುತ್ತಿತ್ತು, ಉಗುರುಗಳು ನನ್ನ ಚರ್ಮಕ್ಕೆ ಇಳಿಯುತ್ತಿದ್ದವು. ಇನ್ನೊಂದು ಕೈ ಮೇಲೇಳಲಿಲ್ಲ.

ಸಿಮೆಂಟ್ ಹಿಡಿದ ಮೇಲೆ ಹೊರಬಾಗಿಲು ಮತ್ತೆ ಸದ್ದು ಮಾಡಿತು. ಪೊಲೀಸಿನ ಸ್ಟೈನಾರ್‌ನ ದನಿ ಕೇಳಿಸಿತು.

"ಅರೆ, ಓಸ್ಮುಂಡ್! ಏನಯ್ಯಾ ನೀನಿಲ್ಲಿ?"

"ಹಲ್ಲು ನೋವು ಮಾರಾಯ."

ಸ್ಟೈನಾರ್ ನಕ್ಕ. ಆದರೆ ಆಮೇಲೆ ಅಂದ, "ಏಳು ಏಳು. ನೋವಿದ್ರೂ ನೀನು ಇಲ್ಲಿರೋ ಹಾಗಿಲ್ಲ." ಜೊತೆಯಲ್ಲಿ ಬಂದಿದ್ದ ಮಹಿಳಾ ಪೊಲೀಸ್ ಓಸ್ಮುಂಡ್‌ನನ್ನು ಗಾಡಿಗೆ ಕರೆದೊಯ್ದಳು.

ಗುನ್ವೋರ್ ಚಿಲಕ ತೆಗೆದಳು. ಸ್ಟೈನಾರ್ ಟೋಪಿ ಹಿಡಿದು ಒಳಗೆ ಬಂದ. "ನೀನು ಇಲ್ಲಿರೋದು ಗೊತ್ತೇ ಇರ್ಲಿಲ್ಲ ಅಂತಾನೆ ಅವನು, ಯೋರಿಡ್."

"ಹೆಸರು ಹಿಡಿದು ಕೂಗಿದ," ಎಂದೆ. "ನಾವಿಬ್ಬರೂ ಕೇಳಿದ್ದೀವಿ."

ಯೋರಿಡ್ ಹತ್ತಿಯನ್ನು ಬಾಯಿಯಿಂದ ತೆಗೆದಳು. ಹೊಸ ಹಲ್ಲುಗಳ ಮೇಲೆ ನಾಲಗೆ ಆಡಿಸಿದಳು. "ಹಲ್ಲಿನ ವಿಷಯಾನೂ ಹೇಳ್ಬೇಕು. ಮಂಜುಗಡ್ಡೆ ಮೇಲೆ ಜಾರಿಬಿದ್ದೆ ಅಂತಿದ್ದೆ ಎಲ್ರ ಹತ್ರಾನೂ. ಬಿದ್ದದ್ದಲ್ಲ."

ಚಳಿಗಾಲದಲ್ಲಿ ಇಲ್ಲಿ ಎಲ್ಲರೂ ಜಾರಿ ಬೀಳುತ್ತಾರೆ, ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ.

"ಒಂದು ಸಲ ಮಂಜೇ ಇಲ್ದಿರೋ ಜುಲೈನಲ್ಲೂ ಹಾಗೇ ಅಂದೆ. ನೀನೇ ಬಂದಿದ್ದೆ ಮನೆಗೆ. ಅವನ ಜೊತೆ ಕಾಫಿ ಕುಡಿದು ಹೋದೆ."

ಸ್ಟೈನಾರ್‌ನ ಕುತ್ತಿಗೆ ಕೆಂಪಾಯಿತು. "ನೆನಪಿದೆ," ಅಂದ.

"ಈಗ ಅವನನ್ನ ಎಷ್ಟು ದಿನ ಇಟ್ಕೋತೀರಿ?"

"ಇವತ್ತಂತೂ ಇಟ್ಕೋಬಹುದು. ನಾಳೆದು ಹೇಳಕ್ಕಾಗಲ್ಲ. ನಿಜ ಹೇಳ್ತಿದ್ದೀನಿ."

ಅವಳು ಕಿಟಕಿಯ ಪರದೆಯ ಕಡೆ ನೋಡಿದಳು. ಗಾಡಿಯ ಎಂಜಿನ್ ಇನ್ನೂ ಹೊರಗೇ ಗುರುಗುಡುತ್ತಿತ್ತು. ನನ್ನ ಮಣಿಕಟ್ಟನ್ನು ಅವಳು ಬಿಟ್ಟಿರಲಿಲ್ಲ.

"ಹಾಗಾದ್ರೆ ಇವತ್ತೇ ಎಲ್ಲ ಹೇಳಿಬಿಡ್ತೀನಿ," ಅಂದಳು. "ಕೂತ್ಕೋ ಸ್ಟೈನಾರ್. ಹೊತ್ತು ಹಿಡಿಯುತ್ತೆ."