ಸೊಟ್ಟ ಸಾಲು

ಸೂರಮ್ಮ ಟ್ರ್ಯಾಕ್ಟರ್ ನಿಲ್ಲಿಸಿ ಹಿಂತಿರುಗಿ ನೋಡಿದಳು. ಬಿತ್ತನೆಯ ಕೂರಿಗೆ ಎಳೆದ ಸಾಲುಗಳು ಹಾವು ಹರಿದಂತೆ ಬಿದ್ದಿದ್ದವು. ಶೇಂಗಾ ಮೊಳೆತ ಮೇಲೆ ರಾಂಪುರದ ಬಸ್ಸಿನಲ್ಲಿ ಹೋಗುವವರೆಲ್ಲ ಕಿಟಕಿಯಿಂದ ನೋಡಿ ನಗುವುದೇ.

ಬದುವಿನ ಮೇಲಿದ್ದ ಯರ್ರಪ್ಪ, ಅವಳ ಗಂಡನ ಅಣ್ಣ, ಟವೆಲ್ಲು ಕೊಡವಿದ. “ಇಳಿಯಮ್ಮ. ಉಂಡು ರಾಂಪುರಕ್ಕೆ ಹೋಗಿ ಡ್ರೈವರ್‌ನ ಕರ್ಕೊಂಡ್ ಬರ್ತೀನಿ. ಮಣ್ಣಿನ ಹದ ಆರೋಗ್ತೈತೆ.”

“ಗಾಡಿ ತುಯ್ತೈತೆ ಭಾವ. ಒಂದ್ಸಲ ಎಡಕ್ಕೆ, ಒಂದ್ಸಲ ಬಲಕ್ಕೆ.”

“ಮೊನ್ನೆ ಮೆಕ್ಯಾನಿಕ್ಕು ಸ್ಟೇರಿಂಗ್ ಬಾಕ್ಸ್ ಬಿಚ್ಚಿ ನೋಡ್ಲಿಲ್ವಾ? ಗಾಡೀಲಿ ಏನೂ ಇಲ್ಲ, ಓಡ್ಸೋರ ಕೈ ಅಂದ.”

ಗಂಡ ಓಬಳೇಶ ಚಳ್ಳಕೆರೆಯ ಎಣ್ಣೆ ಮಿಲ್ಲಿನ ಲಾರಿಗೆ ಸೇರಿದಂದಿನಿಂದ ಆ ಸೀಟು ಸೂರಮ್ಮನದು. ಇವತ್ತು ಇನ್ನೊಬ್ಬ ಹತ್ತಿದರೆ ಮತ್ತೆ ತನಗೆ ಸಿಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

“ನೀವು ಉಣ್ಣೋದ್ರೊಳಗೆ ನಾನೊಮ್ಮೆ ನೋಡ್ತೀನಿ” ಎಂದು ಇಳಿದಳು.

ಮುಂದಿನ ಅಚ್ಚಿಗೆ ಜಾಕ್ ಕೊಟ್ಟು ಎತ್ತಿ, ಒಂದೊಂದೇ ಗಾಲಿಯನ್ನು ಹಿಡಿದು ಅಲ್ಲಾಡಿಸಿದಳು. ಸದ್ದಿಲ್ಲ, ಸಡಿಲವಿಲ್ಲ. ಬೇರಿಂಗುಗಳು ಗಟ್ಟಿಯಾಗಿವೆ. ಹಾಗಾದರೆ ಗಾಲಿಗಳು ಬಿಗಿಯಾಗಿದ್ದುಕೊಂಡೇ ತಪ್ಪು ದಿಕ್ಕಿಗೆ ನೋಡುತ್ತಿರಬೇಕು. ಟೈರಿನ ಮೇಲೆ ಅಂಗೈ ಆಡಿಸಿದಳು. ಒಳಗಿನಿಂದ ಹೊರಕ್ಕೆ ನುಣ್ಣಗಿತ್ತು. ಹೊರಗಿನಿಂದ ಒಳಕ್ಕೆ ಸವರಿದರೆ ಕುಡುಗೋಲಿನ ಹಲ್ಲಿನಂತೆ ಚುಚ್ಚಿತು. ಇನ್ನೊಂದು ಟೈರೂ ಹಾಗೆಯೇ. ಎರಡೂ ಹೊರಮುಖವಾಗಿ ಉಜ್ಜಿಕೊಂಡು ಹೋಗುತ್ತಿದ್ದವು.

ಬುತ್ತಿ ತಂದಿದ್ದ ಯರ್ರಪ್ಪನ ಹೆಂಡತಿ ಚಿನ್ನಕ್ಕನ ಹತ್ತಿರ ಹೋಗಿ, “ಅಕ್ಕ, ಎಲೆಗೆ ಹಚ್ಚೋ ಸುಣ್ಣ ಕೊಡು” ಎಂದಳು.

“ಟೈರಿಗೇನೇ? ಅಡಿಕೆನೂ ಬೇಕೇನು ಅದಕ್ಕೆ?”

ಸೂರಮ್ಮ ಜಾಕ್ ಇಳಿಸಿದಳು. ಎರಡೂ ಟೈರುಗಳ ಮುಂಭಾಗದಲ್ಲಿ, ನಡುಮಟ್ಟಕ್ಕೆ, ಸುಣ್ಣದ ಬೊಟ್ಟಿಟ್ಟು ಇಬ್ಬರೂ ಅಡ್ಡಲಾಗಿ ಹುರಿ ಹಿಡಿದರು. ಬೊಟ್ಟಿನಿಂದ ಬೊಟ್ಟಿಗೆ ಅಳೆದು ಸೂರಮ್ಮ ಗಂಟು ಹಾಕಿದಳು. ಗಾಲಿ ಅರ್ಧ ಸುತ್ತು ಉರುಳುವಷ್ಟು ಟ್ರ್ಯಾಕ್ಟರನ್ನು ಮುಂದೆ ಬಿಟ್ಟಳು. ಈಗ ಬೊಟ್ಟುಗಳು ಹಿಂಭಾಗಕ್ಕೆ ಬಂದಿದ್ದವು. ಅದೇ ಹುರಿ ಹಿಡಿದರೆ ಗಂಟು ಬೊಟ್ಟಿನಿಂದ ಎರಡು ಬೆರಳು ಆಚೆಗೆ ಹೋಯಿತು. ಮುಂದೆ ಅಗಲ, ಹಿಂದೆ ಕಿರಿದು, ಇರಬೇಕಾದ್ದಕ್ಕೆ ತದ್ವಿರುದ್ಧ.

“ಭಾವ, ಹೋದ್ವರ್ಷ ಸಾಲಿನ ನಡುವೆ ಎಡೆ ಹೊಡಿಯೋಕೆ ಮುಂದಿನ ಗಾಲಿ ಅಗಲ ಮಾಡ್ಸಿದ್ರಲ್ಲ, ಅವೆರಡನ್ನೂ ಸೇರಿಸೋ ಈ ರಾಡು ಹೊಂದಿಸಿದ್ಯಾರು?”

ಯರ್ರಪ್ಪ ಬಾಯಲ್ಲಿದ್ದ ತುತ್ತು ನುಂಗಿದ. “ನಾನೇ. ಕಣ್ಣಳತೇಲಿ.”

“ಆ ಕಣ್ಣಿಗೆ ಪೊರೆ ಬಂದೈತೆ ಅಂತ ನಾನು ಬಡ್ಕೊಳ್ತಾನೇ ಇದೀನಿ” ಎಂದಳು ಚಿನ್ನಕ್ಕ.

ಅಚ್ಚು ಅಗಲವಾಗಿತ್ತು, ಅದಕ್ಕೆ ತಕ್ಕಷ್ಟು ಅದರ ಹಿಂದಿನ ರಾಡು ಉದ್ದವಾಗಿರಲಿಲ್ಲ; ಗಾಲಿಗಳ ಹಿಂಬದಿಯನ್ನು ಒಳಕ್ಕೆ ಎಳೆದು ಹಿಡಿದಿತ್ತು. ಸೂರಮ್ಮ ನಟ್ಟು ಸಡಿಲಿಸಿ ರಾಡು ತಿರುಗಿಸಿದಳು, ಅಳೆದಳು, ಮತ್ತೆ ತಿರುಗಿಸಿದಳು. ಮುಂದಿನ ಅಳತೆ ಹಿಂದಿನದಕ್ಕಿಂತ ಒಂದು ಜೋಳದ ಕಾಳಿನಷ್ಟು ಕಿರಿದಾದಾಗ ನಟ್ಟು ಬಿಗಿದು ಸೀಟು ಹತ್ತಿದಳು.

ಟ್ರ್ಯಾಕ್ಟರ್ ಹೊರಟಿತು. ಸ್ಟೇರಿಂಗು ಕೈಯಲ್ಲಿ ಸುಮ್ಮನೆ ಕೂತಿತ್ತು. ಹೊಲದ ನಡುವೆ ಅವಳು ಎರಡೂ ಕೈ ಎತ್ತಿ ಮಡಿಲಲ್ಲಿಟ್ಟುಕೊಂಡಳು. ಗಾಡಿ ತನ್ನ ಪಾಡಿಗೆ ನೆಟ್ಟಗೆ ನಡೆಯಿತು. ಹಿಂದೆ ಕೆಂಪು ಮಣ್ಣಿನಲ್ಲಿ ಸಾಲು ದಾರ ಎಳೆದಂತೆ ಬಿತ್ತು.

“ಸ್ಟೇರಿಂಗ್ ಹಿಡ್ಕಳಮ್ಮ, ಬದು ಬಂತು” ಎಂದು ಯರ್ರಪ್ಪ ಕೂಗಿದ. ಅವಳು ತಿರುಗಿಸಿಕೊಂಡು ಬರುವಷ್ಟರಲ್ಲಿ ಬೀಜದ ಚೀಲ ಹೊತ್ತು ಕೂರಿಗೆಯ ಹಲಗೆ ಹತ್ತಲು ಬಂದಿದ್ದ.

“ಡ್ರೈವರ್‌ನ ಕರೆಯೋಕೆ ಹೋಗಲ್ವಾ?” ಎಂದಳು ಚಿನ್ನಕ್ಕ.

“ಡ್ರೈವರು ಸೀಟಲ್ಲೇ ಕೂತೈತಲ್ಲ. ನಡಿಯಮ್ಮ ಸೂರಮ್ಮ, ಹೊತ್ತಾಯ್ತು.”

ಸೂರಮ್ಮ ಗೇರು ಹಾಕಿದಳು.